ಬಿದ್ದದ್ದಲ್ಲ, ಕೆಡವಿದ್ದು

ಅಪ್ಪಾ,

ಇವತ್ತು ಬೆಳಿಗ್ಗೆ ಮೊದಲ ಬಾರಿಗೆ ನಿಮ್ಮ ಖಾಲಿ ಕುರ್ಚಿಯ ಮೇಲೆ ಬಿಸಿಲು ಬಿತ್ತು. ಅಡ್ಡ ನಿಂತಿದ್ದ ಹಳೆಯ ಪ್ರಾರ್ಥನಾ ಮಂದಿರದ ಗೋಪುರ ಈಗಿಲ್ಲ. ರಸ್ತೆ ಅಗಲ ಮಾಡಲು ನಿನ್ನೆ ಯಂತ್ರ ತಂದು ನೆಲಸಮ ಮಾಡಿದರು.

ಜನ ಏನನ್ನುತ್ತಾರೆ ಎಂದು ಕೇಳಿ ಬರೆಯುವ ಕೆಲಸ ಪತ್ರಿಕೆಯಲ್ಲಿ ನನ್ನ ಪಾಲಿಗೆ ಬಂತು. ನನ್ನ ಹೆಸರಿನಲ್ಲಿ ಬರುವ ಮೊದಲ ವರದಿ. ಹೆಚ್ಚಿನವರು "ಹಳೇದಲ್ವಾ, ಬಿತ್ತು" ಎಂದು ಕಲ್ಲುರಾಶಿಯ ಫೋಟೊ ತೆಗೆದುಕೊಂಡು ಹೋದರು. ಮೂಲೆಯಂಗಡಿಯ ಅಜ್ಜಿ ಮಾತ್ರ ಗದರಿದಳು:

"ಮುನ್ನೂರು ವರ್ಷ ಬೀಳದ್ದು ಬುಲ್ಡೋಜರ್ ನೋಡಿ ತಲೆ ತಿರುಗಿ ಬಿತ್ತೇನೇ? ಕೆಡವಿದ್ರು ಅಂತ ಬರ್ಕೋ!"

ಹಾಗೆಯೇ ಬರೆದೆ. ಸಂಪಾದಕರು ಓದಿ ಹೇಳಿದರು: "'ಕೆಡವಿದರು' ಬೇಡಮ್ಮ. ಯಾರು ಅಂತ ಕೇಳ್ತಾರೆ. 'ಕುಸಿಯಿತು' ಅಂತ ಹಾಕು."

ನಾನು ಸುಮ್ಮನೆ ತಲೆಯಾಡಿಸಿ ಬಂದೆ.

"ನನ್ನ ಮಗಳು ಬಾಯಿಗೆ ಬೆರಳಿಟ್ಟರೂ ಕಚ್ಚಲ್ಲ" ಎಂದು ನೀವು ಬಂದವರ ಮುಂದೆಲ್ಲ ನಗುತ್ತಿದ್ದಿರಿ. ಆಗಲೂ ನಾನು ಸುಮ್ಮನಿರುತ್ತಿದ್ದೆ.

ಪುಟ ಸಂಜೆ ಅಚ್ಚಿಗೆ ಹೋಗುತ್ತದೆ. ಬಿಸಿಲು ತಾನಾಗಿ ಬಿತ್ತು, ಒಪ್ಪುತ್ತೇನೆ. ಗೋಪುರವನ್ನು ಕೆಡವಿದರು. ಆ ಪದ ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಈಗಲೇ ಹೋಗಿ ಹೇಳುತ್ತೇನೆ.