ಬಾಗಿಲಿಟ್ಟ ಗೋಡೆ

ಮುಂದಿನ ಕೋಣೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ನಾದಿನಿಯ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ಅವಳು ಬೇಡವೆಂದರೂ ನೀವು ಹತ್ತಿ ಇಳಿಯುತ್ತಲೇ ಇರುತ್ತೀರಿ, ನನಗೆ ಗೊತ್ತಿಲ್ಲವೇ? ಬಿಸಿನೀರಿನ ಶಾಖ ಕೊಡಿಸಿಕೊಳ್ಳಿ, ಮಗಳ ಮನೆಯಲ್ಲಿ ಎಂಥ ಸಂಕೋಚ. ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳ ಮುಂದಿನ ಹಲ್ಲು ಬಿದ್ದಿದೆ, ಬಾಯಿಗೆ ಮಾತ್ರ ಬಿಡುವಿಲ್ಲ.

ನನ್ನ ಮತ್ತು ನಿಮ್ಮ ಮಗನ ವಿಚ್ಛೇದನದ ಕೇಸು ಕೋರ್ಟಿಗೆ ಹೋದ ವಾರವೇ ನೀವು ಊರು ಬಿಟ್ಟಿರಿ. ಆಮೇಲಿನದ್ದನ್ನು ಒಂದೊಂದಾಗಿ ಹೇಳುತ್ತೇನೆ. ತೀರ್ಪು ಬರುವವರೆಗೆ ಮನೆಯನ್ನು ಎರಡು ಭಾಗ ಮಾಡಿಕೊಳ್ಳಿ ಎಂದು ಕೋರ್ಟು ಹೇಳಿತು. ನನ್ನ ಹೊಲಿಗೆ ಅಂಗಡಿಯಿರುವ ಮುಂದಿನ ಕೋಣೆಗಳು ಮತ್ತು ಅಡುಗೆಮನೆ ನನಗೂ ಮಗುವಿಗೂ, ಹಿಂದಿನದು ನಿಮ್ಮ ಮಗನಿಗೆ. ನಡುವೆ ಯಾರೂ ದಾಟದಂತೆ ಮರದ ಗೋಡೆ. ಊರಿನವರ ಮನೆಗಳಿಗೆಲ್ಲ ಬಡಗಿ ಕೆಲಸ ಮಾಡುವವರು ಸ್ವಂತ ಮನೆಗೆ ಬೇರೆಯವರನ್ನು ಕರೆಸುತ್ತಾರೆಯೇ? ತಾವೇ ಹಲಗೆ ತಂದರು. ನಾನು ಮಗಳನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋದೆ. ಬಂದು ನೋಡಿದರೆ ಗೋಡೆ ಎದ್ದಿತ್ತು, ಗೋಡೆಯಲ್ಲಿ ಬಾಗಿಲಿತ್ತು.

ಅತ್ತೆ, ಮೈಯೆಲ್ಲ ಉರಿದುಹೋಯಿತು. ಕೋರ್ಟಿನ ಮಾತಿಗೂ ಬೆಲೆಯಿಲ್ಲವೇ ಎಂದುಕೊಂಡೆ. ನಮ್ಮ ಲಾಯರಮ್ಮನಿಗಂತೂ ಹಬ್ಬವೋ ಹಬ್ಬ. "ಇದೊಂದೇ ಸಾಕು ಬಿಡಿ, ಇಡೀ ಮನೆ ನಿಮಗೇ ಕೊಡಿಸ್ತೀನಿ, ಅವರು ಆಚೆಗೆ" ಎಂದರು. ಕೋರ್ಟಿನಿಂದ ಅಧಿಕಾರಿಯೊಬ್ಬರು ಬಂದು ಬಾಗಿಲಿನ ಫೋಟೋ ತೆಗೆದರು. ನಾನೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಚಿಲಕ ಇದ್ದದ್ದು ನನ್ನ ಕಡೆ. ಅವರ ಕಡೆಯಲ್ಲಿ ಹಿಡಿ ಕೂಡ ಇರಲಿಲ್ಲ, ಬರೀ ನುಣ್ಣಗಿನ ಹಲಗೆ. ಒಳಗಿನಿಂದ ನಾವು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಟ್ಟು ಹಾಗೇ ಇತ್ತು, ಅದರ ಜೊತೆಗೆ ಅಳುವೂ ಬಂತು. ಮೂರು ವರ್ಷದಿಂದ ಒಂದು ಮಾತನ್ನೂ ನೆಟ್ಟಗೆ ಆಡದ ಮನುಷ್ಯ ಇದನ್ನು ಮಾತ್ರ ಎಷ್ಟು ಚೆನ್ನಾಗಿ ಹೇಳಿದರು ನೋಡಿ.

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಯಾಕಪ್ಪಾ ಹೀಗೆ ಮಾಡಿದೆ ಎಂದು ನಿಮ್ಮ ಮಗನನ್ನು ಕೇಳಿದರೆ, "ಸುಮ್ನೆ ಮುಚ್ಚಿಬಿಡೋಕೆ ಕೈ ಏಳ್ಲಿಲ್ಲ, ಸ್ವಾಮಿ" ಎಂದು ತಲೆ ತಗ್ಗಿಸಿದರು. ನಿಮ್ಮ ತಕರಾರು ಇದೆಯೇ ಎಂದು ಜಡ್ಜ್ ಸಾಹೇಬರು ನನ್ನನ್ನು ಕೇಳಿದರು. ಹೂಂ ಎಂದಿದ್ದರೆ ಮನೆಯಿಡೀ ನನ್ನದಾಗುತ್ತಿತ್ತು, ಮಗಳು ಅಪ್ಪನನ್ನು ನೋಡಲು ಬೀದಿ ತಿರುವಿನಲ್ಲಿ ನಿಲ್ಲಬೇಕಾಗುತ್ತಿತ್ತು. ನಾನು ಗಟ್ಟಿಯಾಗಿ, "ಬಾಗಿಲು ಇರಲಿ" ಎಂದೆ. ಲಾಯರಮ್ಮನ ಮುಖ ನೋಡಬೇಕಿತ್ತು ನೀವು.

ಹಾಗೆಂದು ಆಸೆ ಇಟ್ಟುಕೊಳ್ಳಬೇಡಿ. ನಾವು ಮತ್ತೆ ಒಂದಾಗುವುದಿಲ್ಲ, ಅದು ಮುಗಿದ ಮಾತು. ಮಗಳು ನನ್ನ ಹತ್ತಿರ ಇರುತ್ತಾಳೆ, ಶಾಲೆಯ ಖರ್ಚು ಅವರದು, ಸಂಜೆ ಅವಳು ಬಾಗಿಲು ತೆಗೆದು ಅಪ್ಪನ ಕಡೆಗೆ ಹೋಗಿ ಬರುತ್ತಾಳೆ. ಇಬ್ಬರೂ ಒಪ್ಪಿ ರಾಜಿಪತ್ರ ಬರೆಸುತ್ತಿದ್ದೇವೆ. ಆ ಕಡೆಯಿಂದ ಅಡುಗೆ ಸೀದ ವಾಸನೆ ದಿನವೂ ಬರುತ್ತದೆ. ಕಲಿತುಕೊಳ್ಳಲಿ ಬಿಡಿ.

ನಾದಿನಿಗೂ ಅವಳ ಮಕ್ಕಳಿಗೂ ನನ್ನ ನೆನಪು ತಿಳಿಸಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ಕೋರ್ಟು ಏನೇ ಅಂದರೂ,
ನಿಮ್ಮ ಸೊಸೆ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಗಿರಾಕಿ ಬಂದು ನಿಂತಿದ್ದಾರೆ. ರಾಜಿಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಒಂದೇ ಒಂದು ಸಾಲಿಗೆ ನಿಂತಿದೆ. ನಿಮ್ಮ ಮಗ, ಅಮ್ಮ ನನ್ನ ಕಡೆ ಇರುತ್ತಾರೆ ಎಂದು ಬರೆಸಿದ್ದರು, ನಾನು ಅದನ್ನು ಹೊಡೆದುಹಾಕಿಸಿದೆ. ನೀವು ಹೆತ್ತಿದ್ದು ಅವರನ್ನೇ ಇರಬಹುದು, ಆದರೆ ಹೆರಿಗೆಯಲ್ಲಿ ನನ್ನ ಕೈ ಹಿಡಿದು ಕೂತವರು ನೀವು. ಮುಂದಿನ ಸಲ ಕೋರ್ಟಿಗೆ ನಿಮ್ಮನ್ನೇ ಕರೆಸಿ ಕೇಳುತ್ತಾರಂತೆ. ಯೋಚಿಸಿಕೊಂಡು ಬನ್ನಿ. ಅರ್ಧ ಮನೆ ಬಿಟ್ಟುಕೊಟ್ಟಿದ್ದೇನೆ, ನಿಮ್ಮನ್ನು ಬಿಟ್ಟುಕೊಡುವುದಿಲ್ಲ.