ತಿರುಪಿನ ಹಿಡಿ

ನವೆಂಬರ್ ೧೪, ಗುರುವಾರ

ತಿರುಪಿನ ಹಿಡಿ ಇವತ್ತೂ ಬಾಗಿಲ ಕಡೆ ತಿರುಗಿತ್ತು. ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಪೈಪಿನ ತಂಬಾಕನ್ನು ಅಚ್ಚಿನ ಪೆಟ್ಟಿಗೆಯಲ್ಲಿ ಒತ್ತಿ, ಅದರ ಮೇಲಿನ ತಿರುಪು ಬಿಗಿಮಾಡಿ, ಹಿಡಿಯನ್ನು ಕಿಟಕಿಯ ಕಡೆಗೇ ಬಿಟ್ಟು ಹೋಗಿದ್ದೆ. ಮೂರು ದಿನದಿಂದ ಇದೇ ಕಥೆ.

ಅನುಮಾನ ಮಾವನ ಮೇಲೆ. ಈ ಕೆಲಸ ಕಲಿಸಿದವರೇ ಅವರು. ಮರ ಕಿರುಗುಟ್ಟುವವರೆಗೂ ತಿರುಗಿಸಬೇಕು ಎನ್ನುತ್ತಿದ್ದರು. ಪೆಟ್ಟಿಗೆ ಸೀಳೀತೆಂದು ಹೆದರಿ ನಾನು ಮೊದಲೇ ನಿಲ್ಲಿಸುತ್ತೇನೆ. ಡಾಕ್ಟರು ಅವರಿಗೆ ಪೈಪು ಬಿಡಿಸಿ ಎರಡು ತಿಂಗಳಾಯಿತು. ಅಂದಿನಿಂದ ವಿಪರೀತ ಸಾಧುವಾಗಿದ್ದಾರೆ. ಅದೇ ನನಗೆ ಸರಿಕಾಣುತ್ತಿಲ್ಲ.

"ಮಾವ, ಹಿಂದಿನ ಕೋಣೆಗೆ ಹೋಗಿದ್ರಾ?" ಎಂದೆ.

"ನಾನ್ಯಾಕೆ ಹೋಗ್ಲಿ ಅಳಿಯಂದಿರೇ? ನನಗೂ ಅದಕ್ಕೂ ಋಣ ತೀರ್ತು."

ಇವಳು ಅಡುಗೆಮನೆಯಿಂದಲೇ ರೇಗಿದಳು. "ಅಪ್ಪನ್ನ ಕಳ್ಳನ ಥರ ವಿಚಾರಿಸ್ಬೇಡಿ."

ಆದರೂ ನೀರಿನ ಲೋಟ ಕೊಡುವ ನೆಪದಲ್ಲಿ ಬಗ್ಗಿ ಅವರ ಬೆರಳು ಮೂಸಿದೆ. ಬರೀ ಸೋಪಿನ ವಾಸನೆ. ಊಟಕ್ಕೆ ಮುಂಚೆ ಸೋಪು ಮುಟ್ಟುವವರಲ್ಲ ಅವರು.

ಈಗಷ್ಟೇ ಪೆಟ್ಟಿಗೆ ಬಿಚ್ಚಿ ತಂಬಾಕಿನ ಬಿಲ್ಲೆಯನ್ನು ತೂಗಿದೆ. ಒಂದು ಗ್ರಾಮೂ ಕಡಿಮೆಯಿಲ್ಲ, ಅಂಚು ಕೂಡ ಮುರಿದಿಲ್ಲ. ನನ್ನ ಕೈಯಿಂದ ಯಾವತ್ತೂ ಬಾರದಷ್ಟು ಗಟ್ಟಿಯಾಗಿ, ಇಟ್ಟಿಗೆಯ ಹಾಗೆ ಕೂತಿದೆ. ನಾನು ಉಳಿಸಿಹೋದ ಅರ್ಧ ಸುತ್ತನ್ನು ಮಾವ ದಿನವೂ ಬಂದು ಮುಗಿಸಿ, ಕೈ ತೊಳೆದುಕೊಂಡು ಹೋಗಿದ್ದಾರೆ.

ಆದರೂ ಪೂರ್ತಿ ನಂಬಲಾರೆ. ನಾಳೆ ಬೇಕೆಂದೇ ಒಂದು ಸುತ್ತು ಸಡಿಲ ಬಿಟ್ಟು ಹೋಗುತ್ತೇನೆ. ಪರೀಕ್ಷೆಗೆ, ಅಷ್ಟೇ. ನಾಡಿದ್ದೂ ಬೇಕಾದರೆ ಬಿಡುತ್ತೇನೆ.