ಒನ್ಸ್ ಮೋರ್ ಅಂದವಳ ತಾಯಿ

ಕೊಳ್ಳೇಗಾಲ
೧೨ ಜನವರಿ ೨೦೨೫

ಸತ್ತೇಗಾಲದ ಶ್ರೀ ಷಡಕ್ಷರಿಯವರಿಗೆ,

ಗಂಡನ ಹೆಸರು ಬರೆದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು ನಿಮ್ಮ ತಾಯಿ. ನಾವು ಬೇರೆಯಾಗಿ ಎಂಟು ವರ್ಷವಾಯಿತು, ನೀವು ಗುಂಡುಕಲ್ಲಿನ ಹಾಗೆ ಇದ್ದೀರಿ. ಅದಕ್ಕೇ ಧೈರ್ಯವಾಗಿ ಬರೆದಿದ್ದೇನೆ. ನಿನ್ನೆ ನಿಮ್ಮ ಮಾತು ಮುಗಿಸಿ, ನನ್ನದು ಶುರುವಾಗುವಷ್ಟರಲ್ಲಿ ಫೋನ್ ಕಟ್ ಮಾಡಿದಿರಿ. ಕಾಗದಕ್ಕೆ ಆ ಗುಂಡಿ ಇಲ್ಲ. ಜಗುಲಿಯ ಮೇಲೆ ಕೂತು ಪೂರ್ತಿ ಓದಿ.

ನೀವು ಹೇಳಿದ್ದು ಇದು: "ಅವ್ಳ ಸಾಹೇಬ್ರು ನನ್ಗೇ ಫೋನ್ ಮಾಡಿದ್ರು ಕಣಮ್ಮಿ. ಆ ಪೇಪರ್‌ನಲ್ಲಿ ಎಲ್ರ ಜೊತೆ ಇವ್ಳ ಎಸ್ರೂ ಇರ್ಲಿ, ಏನ್ ಗಂಟ್ ಓದದು? ಒಪ್ಕಂಡು ಓಗಕ್ಕೆ ಏಳು." ಒಪ್ಪದಿದ್ದರೆ ಮಾರ್ಚಿಗೆ ಫೆಲೋಶಿಪ್ ನಿಲ್ಲುತ್ತದೆ, ಇಷ್ಟು ವರ್ಷ ಓದಿದ್ದು ಡಾಕ್ಟರೇಟ್ ಇಲ್ಲದೆ ಮಣ್ಣುಪಾಲಾಗುತ್ತದೆ ಎಂದೂ ಹೆದರಿಸಿದಿರಿ. ಅದೆಲ್ಲ ನಿಜ. ಆದರೆ ನಿಮ್ಮ ಮಗಳು ಭವ್ಯ ಆ ಸಂಶೋಧನೆಯ ಪೇಪರಿಗೆ ಹೆಸರು ಕೊಡಲು ಯಾಕೆ ಒಲ್ಲೆ ಅಂದಳು ಎಂದು ನೀವು ಕೇಳಲಿಲ್ಲ. ಈಗ ಕೇಳಿ.

ಅವಳ ಲ್ಯಾಬಿನಲ್ಲಿ ಕೂದಲಿಗಿಂತ ತೆಳುವಾದ ಲೋಹದ ಹಾಳೆಗೆ ಲೇಸರ್ ಹೊಡೆಯುತ್ತಾರೆ. ಆ ಏಟಿಗೆ ಹಾಳೆಯ ಬೆನ್ನಿನಿಂದ ಪ್ರೋಟಾನ್ ಎನ್ನುವ ಕಣಗಳು ಬಾಣದ ಮಳೆಯಂತೆ ಚಿಮ್ಮುತ್ತವೆ. ಹೊಡೆಯುವ ಕೆಲಸ ಅವಳ ಗೈಡ್ ಸಾಹೇಬರದು. ಬಾಣಕ್ಕೆ ಎಷ್ಟು ಬಲ ಎಂದು ಅಳೆಯುವ ಕೆಲಸ ನಮ್ಮ ಹುಡುಗಿಯದು. ವೀಳ್ಯದೆಲೆಯ ಕಟ್ಟಿನಂತೆ ಫಿಲ್ಮ್ ಹಾಳೆಗಳನ್ನು ಒತ್ತಾಗಿ ಜೋಡಿಸಿ ಎದುರಿಗಿಡುತ್ತಾಳೆ. ಬಲವಿಲ್ಲದ ಕಣ ಮೊದಲ ಹಾಳೆಗಳಲ್ಲೇ ಉಸಿರು ಬಿಡುತ್ತದೆ. ಬಲವಿರುವುದು ಒಳಕ್ಕೆ ನುಗ್ಗುತ್ತದೆ. ತಾಗಿದಲ್ಲೆಲ್ಲ ನೀಲಿ ಕಲೆ. ಒಳಗೆ ಹೋದಷ್ಟೂ ಕಲೆ ಚಿಕ್ಕದಾಗುತ್ತ ಹೋಗಬೇಕು, ಅದೇ ಪ್ರೋಟಾನಿನ ಗುರುತು.

ದೀಪಾವಳಿ ಕಳೆದ ಮೇಲೆ ಒಂದು ಏಟಿಗೆ ಕಟ್ಟಕಡೆಯ ಹಾಳೆಯೂ ನೀಲಿಯಾಯಿತು. ಇಷ್ಟು ಬಲವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ ಎಂದು ಸಾಹೇಬರು ಸಭೆ ಕರೆದು, ಗೋಡೆಯಷ್ಟಗಲ ಚಿತ್ರ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಅದು ನಿಂತ ಮೇಲೆ ಹಿಂದಿನ ಸಾಲಿನಿಂದ ಭವ್ಯ ಎದ್ದು, "ಒನ್ಸ್ ಮೋರ್, ಸಾರ್" ಅಂದಳಂತೆ.

ಹೊಗಳಿದಳು ಎಂದುಕೊಂಡು ಎಲ್ಲರೂ ನಕ್ಕರು. ಮಾಂಬಳ್ಳಿಯಲ್ಲಿ ನನ್ನಪ್ಪನ ನಾಟಕದ ಚಪ್ಪರದ ಕೆಳಗೆ ಬೆಳೆದವರಿಗೆ ಗೊತ್ತು, ಒನ್ಸ್ ಮೋರ್ ಎನ್ನುವುದು ಹಾರವೂ ಹೌದು, ಉರುಳೂ ಹೌದು. ಒಂದು ಸಲ ಕೌದಳ್ಳಿಯ ನಾಟಕದಲ್ಲಿ ರಾಜನ ಪಾತ್ರದವನು ಪರದೆಯ ಹಿಂದಿನ ಪೆನ್‌ಡ್ರೈವ್ ಹಾಡಿಗೆ ಬಾಯಿ ಆಡಿಸಿ ಶಿಳ್ಳೆ ಗಿಟ್ಟಿಸಿದ್ದ. ಜನ ಒನ್ಸ್ ಮೋರ್ ಎಂದು ಕೂಗಿದರು. ಹಾಡು ನಡುವಿನಿಂದ ಶುರುವಾಯಿತು, ರಾಜ ಬಾಯಿ ಮುಚ್ಚಿಕೊಂಡು ನಿಂತಿದ್ದ. ಸ್ವಂತ ಗಂಟಲಿದ್ದವನಿಗೆ ಎರಡನೇ ಸಲ ಹಾಡಲು ಯಾವ ಭಯ?

ಮತ್ತೆ ಹೊಡೆದರು. ವಾರಗಟ್ಟಲೆ ಹೊಡೆದರು. ಒಂದು ಸಲವೂ ಕಲೆ ಅರ್ಧ ಕಟ್ಟು ದಾಟಲಿಲ್ಲ. ಭವ್ಯ ಆ ಹಳೆಯ ಕೊನೆಯ ಹಾಳೆಯನ್ನು ತೆಗೆದು ನೋಡಿದಳು. ಅಲ್ಲಿದ್ದದ್ದು ಚಿಕ್ಕ ಕಲೆಯಲ್ಲ, ಹಾಳೆ ತುಂಬ ಹರಡಿದ ಮಬ್ಬು. ಎಕ್ಸ್‌ರೇಯಂಥ ಬೇರೆ ಕಿರಣ ಬಿದ್ದು ಆದದ್ದು, ಪ್ರೋಟಾನ್ ಅಲ್ಲಿಗೆ ಕಾಲೇ ಇಟ್ಟಿಲ್ಲ. ಹೋಗಿ ಹೇಳಿದ್ದಕ್ಕೆ, ಆವತ್ತು ಯಂತ್ರಕ್ಕೆ ಮೂಡ್ ಚೆನ್ನಾಗಿತ್ತು, ನೀನು ಸುಮ್ಮನೆ ಹೆಸರು ಸೇರಿಸು ಎಂದರಂತೆ ಸಾಹೇಬರು. ಅಳೆದವಳ ಹೆಸರಿಲ್ಲದಿದ್ದರೆ ಪೇಪರನ್ನು ಯಾರೂ ನಂಬುವುದಿಲ್ಲ. ಅವರಿಗೆ ಬೇಕಾದದ್ದು ಅವಳಲ್ಲ, ಅವಳ ಹೆಸರು.

ಮುಂದೊಂದು ದಿನ ಇಂಥ ಕಣಗಳನ್ನೇ ಕ್ಯಾನ್ಸರ್ ಗಡ್ಡೆಗೆ ಗುರಿಯಿಡುವ ಆಸೆ ಅವರಿಗೆಲ್ಲ ಇದೆಯಂತೆ. ಬಲ ಇಷ್ಟೆಂದು ಸುಳ್ಳು ಬರೆದರೆ ಗಡ್ಡೆ ಉಳಿಯುತ್ತದೆ, ಪಕ್ಕದ ಮಾಂಸ ಬೇಯುತ್ತದೆ. ಏನ್ ಗಂಟ್ ಓದದು ಅಂದಿರಲ್ಲ, ಹೋಗುವ ಗಂಟು ಇದಲ್ಲವೇ?

ನನಗೂ ನಾಟಕದ ಬಣ್ಣ ಹಚ್ಚಬೇಡ ಎಂದಿರಿ, ಹಚ್ಚಿದೆ. ಹಾಗಾದರೆ ಹೊಸಿಲು ತುಳಿಯಬೇಡ ಎಂದಿರಿ, ತುಳಿಯಲಿಲ್ಲ. ಇಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುತ್ತ ಹನೂರಿನಿಂದ ಯಳಂದೂರಿನವರೆಗಿನ ರಾಜರಿಗೆಲ್ಲ ಕಿರೀಟ ಇಟ್ಟು ಕಳಿಸುತ್ತಿದ್ದೇನೆ. ಫೆಲೋಶಿಪ್ ನಿಂತರೆ ನಿಲ್ಲಲಿ. ಲ್ಯಾಬಿನ ಕಮಿಟಿಯ ಮುಂದೆ ಎಲ್ಲ ಹಾಳೆ ಹರಡಿ ಉತ್ತರ ಕೇಳುತ್ತಾಳಂತೆ, ಕೇಳಲಿ. ಸೋತು ಬಂದರೆ ನನ್ನ ಅಂಗಡಿಯಲ್ಲಿ ಜಾಗವಿದೆ. ಸುಳ್ಳಿಗೆ ಹೆಸರು ಕೊಟ್ಟು ಗೆದ್ದು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಇದನ್ನು ನಿಮ್ಮ ಸಾಹೇಬರಿಗೂ ಫೋನ್ ಮಾಡಿ ತಿಳಿಸಿ.

ಇಂತಿ,
ಭವ್ಯಶ್ರೀಯ ತಾಯಿ
ಪುಟ್ಟಮಲ್ಲಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಅಂಜಿದ್ದೆ. ನೀವು ಫೋನ್ ಇಟ್ಟಾಗ ಭವ್ಯ ಅಂಗಡಿ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾಜಿ ಏನಂದ್ರು?" ಅಂದಳು. ಸಭೆಯಲ್ಲಿ ಎಲ್ಲರೆದುರು ಎದ್ದ ಹುಡುಗಿ ಬಾಗಿಲು ದಾಟಿ ಒಳಗೆ ಬರಲಿಲ್ಲ. "ಎಸ್ರು ಕೊಡ್ಬ್ಯಾಡ ಮಗ, ನಾನಿವ್ನಿ ಅಂದ್ರು ಕಣವ್ವ" ಅಂದುಬಿಟ್ಟೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅಭಿನಯಿಸಿರಲಿಲ್ಲ. ಲ್ಯಾಬಿನಿಂದ ಊರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಶುಕ್ರವಾರ ಬೆಳಗಿನ ಬಸ್ಸಿಗೆ ಸತ್ತೇಗಾಲಕ್ಕೆ ಬಂದು, ನಿಮ್ಮ ಕಾಲಿಗೆ ಬಿದ್ದು, ಅಲ್ಲಿಂದಲೇ ಲ್ಯಾಬಿಗೆ ಹೋಗುತ್ತಾಳೆ. ನಾನು ಕಟ್ಟಿ ಹೇಳಿದ ಆ ಮಾತನ್ನು ನೀವೇ ಅವಳಿಗೆ ಹೇಳಬೇಕು. ನಿಮ್ಮ ಮಗಳು ಅಳೆಯುವುದರಲ್ಲಿ ಪಳಗಿದವಳು. ಬಾಯಿಪಾಠ ಒಪ್ಪಿಸಿದರೆ ಸಿಕ್ಕಿಬೀಳುತ್ತೀರಿ.